ಗೊಂಬೆ ಮುಂದೆ ಕಲಿತವರು ರೋಗಿಯನ್ನು ನೋಡಿಕೊಳ್ಳಬಲ್ಲರಾ?

ನಾನು ನರ್ಸಿಂಗ್ ಕಾಲೇಜಿನ ಸಿಮ್ಯುಲೇಷನ್ ಲ್ಯಾಬ್‌ನಲ್ಲಿ, ಅಂದರೆ ರೋಗಿಯ ಬದಲು ಗೊಂಬೆ ಇಟ್ಟು ಆರೈಕೆ ಅಭ್ಯಾಸ ಮಾಡಿಸುವ ಕೋಣೆಯಲ್ಲಿ, ಕಲಿಸುತ್ತೇನೆ. ಅಂಟುರೋಗ ಬಂದವರ ಆರೈಕೆಯನ್ನು ನಮ್ಮ ಮಕ್ಕಳು ಮೊದಲು ಕಲಿಯುವುದು ಇಲ್ಲೇ. ಪೋಷಕರು, ನೆಂಟರು, ಹಿರಿಯ ಸಿಸ್ಟರ್‌ಗಳು ಎಲ್ಲರೂ ಕೇಳುವುದು ಒಂದೇ: 'ಗೊಂಬೆ ಮುಂದೆ ನಾಟಕ ಆಡಿದರೆ ಏನು ಬರುತ್ತೆ? ನೇರ ವಾರ್ಡಿಗೇ ಕಳಿಸಬಾರದಾ?'

ಕಳಿಸುತ್ತೇವೆ. ವಾರ್ಡ್ ನೋಡದೆ ಯಾರೂ ನರ್ಸ್ ಆಗುವುದಿಲ್ಲ. ಆದರೆ ಕೆಲವು ತಪ್ಪುಗಳನ್ನು ವಾರ್ಡಿನಲ್ಲಿ ಮಾಡಿ ಕಲಿಯುವ ಹಾಗಿಲ್ಲ. 2018ರಲ್ಲಿ ಕೇರಳದ ಪೇರಾಂಬ್ರದಲ್ಲಿ ನಿಪಾ ವೈರಸ್ ತಗುಲಿದ ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ಅದೇ ಸೋಂಕಿನಿಂದ ತೀರಿಕೊಂಡರು. ಅವರು ಆರೈಕೆ ಮಾಡುತ್ತಿದ್ದಾಗ ಅದು ನಿಪಾ ಅಂತ ಗೊತ್ತೇ ಇರಲಿಲ್ಲ. ಕಾಯಿಲೆಯ ಹೆಸರು ತಿಳಿಯುವ ಮೊದಲೇ ಕೈಗೆ ರೂಢಿ ಬಿದ್ದಿರಬೇಕು, ಅಲ್ವಾ?

ಪಿಪಿಇ, ಅಂದರೆ ಸೋಂಕು ತಗುಲದಂತೆ ಹಾಕುವ ಗ್ಲೌಸ್, ಗೌನ್, ಮಾಸ್ಕ್, ಕನ್ನಡಕ, ಹಾಕಿಕೊಳ್ಳುವುದು ಬೇಗ ಬರುತ್ತದೆ. ಅಪಾಯ ಇರುವುದು ತೆಗೆಯುವಾಗ. ಅದಕ್ಕೇ ಗೊಂಬೆಯ ಎದೆ, ಕೈ, ಮಂಚದ ಕಂಬಿಗೆಲ್ಲ ರೋಗಾಣುವಿನ ಬದಲಿಗೆ, ಬರಿಗಣ್ಣಿಗೆ ಕಾಣದ, ಯುವಿ (ನೇರಳಾತೀತ) ಬೆಳಕಲ್ಲಿ ಹೊಳೆಯುವ ಫ್ಲೋರೊಸೆಂಟ್ ಜೆಲ್ ಸವರಿರುತ್ತೇವೆ. ವಿದ್ಯಾರ್ಥಿನಿ ಸಕ್ಷನ್ ಮಾಡುತ್ತಾಳೆ (ಕೊಳವೆಯಿಂದ ಕಫ ಎಳೆದು ತೆಗೆಯುವುದು), ಬಿಪಿ ನೋಡುತ್ತಾಳೆ, ಮಗ್ಗುಲು ಬದಲಿಸುತ್ತಾಳೆ. ಆಮೇಲೆ ಗ್ಲೌಸ್, ಕನ್ನಡಕ, ಗೌನ್, ಕೊನೆಗೆ ಮಾಸ್ಕ್ ತೆಗೆದು ಕೈ ತೊಳೆಯುತ್ತಾಳೆ. ನಾವು ದೀಪ ಆರಿಸಿ ಯುವಿ ಟಾರ್ಚ್ ಹಿಡಿಯುತ್ತೇವೆ. ಮಣಿಕಟ್ಟಿನ ಒಳಬದಿ ಹೊಳೆಯುತ್ತದೆ. ಕೆಲವೊಮ್ಮೆ ಕಿವಿಯ ಹಿಂದೆಯೂ, ಕೂದಲು ಸರಿಮಾಡಿಕೊಂಡ ಜಾಗದಲ್ಲಿ.

ಯಾರೂ ಬಯ್ಯುವುದಿಲ್ಲ. ವಿಡಿಯೊ ಹಾಕಿ 'ಎಲ್ಲಿ ಅಂಟಿರಬಹುದು?' ಅಂತ ಅವಳನ್ನೇ ಕೇಳುತ್ತೇವೆ. ಬರಿಗೈಯಲ್ಲಿ ಎರಡನೇ ಗ್ಲೌಸ್‌ನ ಹೊರಮೈ ಹಿಡಿದು ಎಳೆದದ್ದು ಅವಳಿಗೇ ಕಾಣುತ್ತದೆ. ಮಾಡಿದ್ದನ್ನು ಹೀಗೆ ಮತ್ತೆ ನೋಡಿ ಮಾತಾಡುವ ಈ ಡಿಬ್ರೀಫಿಂಗ್‌ಗೆ ನಾವು ಆರೈಕೆಗಿಂತ ಜಾಸ್ತಿ ಹೊತ್ತು ಕೊಡುತ್ತೇವೆ. ನಿಜವಾಗಿ ಕಲಿಯುವುದು ಇಲ್ಲೇ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಗೊಂಬೆಯಿಂದ ಆಗದ ಪಾಠವೂ ಇದೆ. ಅದಕ್ಕೆ ಟಿಬಿ ರೋಗಿಯ ಪಾತ್ರದಲ್ಲಿ ಒಬ್ಬರನ್ನು ಕೂರಿಸುತ್ತೇವೆ. 'ಸಿಸ್ಟರ್, ಮನೇಲಿ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ನೀವೂ ದೂರಾನೇ ನಿಂತ್ರಲ್ಲ' ಅನ್ನುತ್ತಾರೆ ಅವರು. ಟಿಬಿ ಗಾಳಿಯಿಂದ ಹರಡುತ್ತದೆ, ತಟ್ಟೆ ಲೋಟದಿಂದಲ್ಲ ಅಂತ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದವಳು ಅದನ್ನೇ ಎದುರು ಕೂತವರಿಗೆ ಹೇಳಲು ತಡವರಿಸುತ್ತಾಳೆ. ಎನ್95 ಮಾಸ್ಕ್ ಹಾಕಿದ ಮೇಲೆ ನಗು ಕಾಣುವುದಿಲ್ಲ, ದನಿಯೂ ಮಂಕಾಗುತ್ತದೆ. ಕಣ್ಣಲ್ಲಿ, ಮಾತಲ್ಲಿ ಧೈರ್ಯ ಕೊಡುವುದನ್ನೂ ಅಭ್ಯಾಸ ಮಾಡಲೇಬೇಕು.

ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಬಿ.ಎಸ್ಸಿ. ಪಠ್ಯಕ್ರಮದಲ್ಲೂ ಸಿಮ್ಯುಲೇಷನ್ ಇದೆ. ಲಕ್ಷಾಂತರ ರೂಪಾಯಿಯ ಗೊಂಬೆ ಇಲ್ಲ ಅಂತ ಕಾಲೇಜುಗಳು ಸುಮ್ನೆ ಕೂರಬೇಕಿಲ್ಲ. ನಾನು ಹೇಳಿದ ಪಾಠಕ್ಕೆ ಸಾಧಾರಣ ಗೊಂಬೆ, ಜೆಲ್, ಟಾರ್ಚ್, ಫೋನ್ ಕ್ಯಾಮೆರಾ ಸಾಕು.

ಆದರೆ ವಾರ್ಡಿನ ಗದ್ದಲ, ಒಬ್ಬ ನರ್ಸ್‌ಗೆ ಅಷ್ಟೊಂದು ರೋಗಿಗಳು, ರಾತ್ರಿ ಪಾಳಿಯ ಸುಸ್ತು, ಇವನ್ನು ಲ್ಯಾಬ್‌ನಲ್ಲಿ ತೋರಿಸಲು ಆಗುವುದಿಲ್ಲ. ಹಾಗಾಗಿ ಮಕ್ಕಳು ವಾರ್ಡಿಗೆ ಹೋದ ಮೊದಲ ದಿನಗಳಲ್ಲಿ, ಗೌನ್ ತೆಗೆಯುವ ಜಾಗದಲ್ಲಿ ನಾವು ಟೀಚರ್‌ಗಳು ಒಬ್ಬರಾದರೂ ನಿಂತಿರುತ್ತೇವೆ.