3ಡಿಎಸ್‌ನ ಬೂಟ್ ಫ್ಲ್ಯಾಗುಗಳು: ಬರೆಯುವವರು ಯಾರು, ಉಳಿಯುವುದು ಎಲ್ಲಿಯವರೆಗೆ

ನಿಂಟೆಂಡೊ 3ಡಿಎಸ್‌ನಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ನ ಆಟವೊಂದನ್ನು ತೆರೆದವರಿಗೆ ಕೆಲವು ವಿಚಿತ್ರಗಳು ಬೇಗನೆ ಅರಿವಿಗೆ ಬರುತ್ತವೆ. ಮುಚ್ಚಳ ಮಡಚಿದರೂ ಯಂತ್ರ ಸ್ಲೀಪ್ ಮೋಡ್‌ಗೆ ಹೋಗುವುದಿಲ್ಲ. ಆಟವನ್ನು ಅರ್ಧಕ್ಕೆ ತಡೆಹಿಡಿದು ಹೋಮ್ ಮೆನು ನೋಡಿ ಬರುವ ಅನುಕೂಲವೂ ಇಲ್ಲ. ಆಟದಿಂದ ಹೊರಬಂದರೆ ಪರದೆ ಕಪ್ಪಾಗಿ, ಯಂತ್ರ ಮೊದಲಿನಿಂದ ಎದ್ದು ಬರುತ್ತದೆ. ಇದಕ್ಕೆ ಕಾರಣ ಸರಳವಾಗಿದೆ. ಆ ಹೊತ್ತಿನಲ್ಲಿ 3ಡಿಎಸ್‌ನ ಮಾಮೂಲಿ ಆಪರೇಟಿಂಗ್ ಸಿಸ್ಟಂ ಆದ ನೇಟಿವ್ ಫರ್ಮ್ (ಫರ್ಮ್ ಎಂದರೆ ಫರ್ಮ್‌ವೇರ್, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಓಡುತ್ತಲೇ ಇರುವುದಿಲ್ಲ. ಅದರ ಜಾಗದಲ್ಲಿ ಎಜಿಬಿ ಫರ್ಮ್ ಎಂಬ ಇನ್ನೊಂದು ಚಿಕ್ಕ ವ್ಯವಸ್ಥೆ ಏರಿ, ಯಂತ್ರದೊಳಗಿರುವ ಆರ್ಮ್7 ಪ್ರೊಸೆಸರ್‌ಗೆ ಆಟವನ್ನು ಒಪ್ಪಿಸಿರುತ್ತದೆ.

ಹಾಗಾದರೆ ಮತ್ತೆ ಎದ್ದು ಬಂದ ನೇಟಿವ್ ಫರ್ಮ್‌ಗೆ, ತನಗಿಂತ ಮೊದಲು ಇಲ್ಲಿ ಓಡುತ್ತಿದ್ದದ್ದು ಎಜಿಬಿ ಫರ್ಮ್ ಎಂದು ತಿಳಿಯುವುದು ಹೇಗೆ? ಈ ಒಂದು ಪ್ರಶ್ನೆಯನ್ನು ಹಿಡಿದು ಹೋದರೆ 3ಡಿಎಸ್‌ನ ಬೂಟ್ ವ್ಯವಸ್ಥೆಯ ಬಹುಭಾಗ ಬಿಚ್ಚಿಕೊಳ್ಳುತ್ತದೆ. ಯಂತ್ರದ ಸ್ಥಿತಿಯನ್ನು ಸೂಚಿಸುವ ಬಿಟ್‌ಗಳಾದ ಫ್ಲ್ಯಾಗುಗಳ ಪಟ್ಟಿಗಳಲ್ಲಿ ಸಾಮಾನ್ಯವಾಗಿ ವಿಳಾಸ, ಬಿಟ್‌ನ ಸಂಖ್ಯೆ ಮತ್ತು ಅರ್ಥ ಇಷ್ಟನ್ನೇ ಕೊಟ್ಟಿರುತ್ತಾರೆ. ನನ್ನ ಮಟ್ಟಿಗೆ ಅಷ್ಟು ಸಾಲದು. ಆ ಬಿಟ್‌ಅನ್ನು ಬರೆಯುವವರು ಯಾರು, ಬರೆದದ್ದು ಎಷ್ಟು ಹೊತ್ತು ಉಳಿಯುತ್ತದೆ, ಅಷ್ಟರೊಳಗೆ ಬೇರೆ ಯಾರ ಕೈಗೆ ಸಿಗುತ್ತದೆ ಎಂಬುದು ಗೊತ್ತಾಗದೆ ಅದರ ಅರ್ಥ ಪೂರ್ಣವಾಗುವುದಿಲ್ಲ.

ಮೇಲಿನ ಪ್ರಶ್ನೆಗೆ ಉತ್ತರ ಬೂಟ್‌ಎನ್ವ್ ಎಂಬ ರಿಜಿಸ್ಟರ್‌ನಲ್ಲಿ, ಅಂದರೆ ಹಾರ್ಡ್‌ವೇರ್‌ನೊಳಗೇ ಇರುವ ಪುಟ್ಟ ನೆನಪಿನ ಜಾಗದಲ್ಲಿ ಇದೆ. ಹೆಕ್ಸ್ ಲೆಕ್ಕದಲ್ಲಿ ಅದರ ವಿಳಾಸ 10010000. ಯಂತ್ರದ ವಿದ್ಯುತ್ ಪೂರ್ತಿ ಹೋಗಿ ಮತ್ತೆ ಬಂದಾಗ, ಅಂದರೆ ಕೋಲ್ಡ್ ಬೂಟ್‌ನಲ್ಲಿ, ಅದರ ಬೆಲೆ ಸೊನ್ನೆ. ನೇಟಿವ್ ಫರ್ಮ್ ತಾನು ನಿರ್ಗಮಿಸಿ ಇನ್ನೊಂದು ಫರ್ಮ್‌ಗೆ ದಾರಿ ಬಿಡುವಾಗ ಅಲ್ಲಿ 1 ಎಂದು ಬರೆಯುತ್ತದೆ. ಡಿಎಸ್‌ಐ ಕಾಲದ ಆಟವನ್ನು ತೆರೆಯುವಾಗ 3, ಗೇಮ್ ಬಾಯ್ ಅಡ್ವಾನ್ಸ್‌ನ ಆಟವನ್ನು ತೆರೆಯುವಾಗ 7 ಬರೆಯಲಾಗುತ್ತದೆ. ಈ ಮೂರನ್ನೂ ಬೈನರಿಯಲ್ಲಿ ಬರೆದುಕೊಂಡರೆ 001, 011, 111 ಆಗುತ್ತದೆ. ಹಳೆಯ ಕಾಲಕ್ಕೆ ಒಂದೊಂದು ಮೆಟ್ಟಿಲು ಇಳಿದಂತೆ ಒಂದೊಂದು ಬಿಟ್ ಹೆಚ್ಚುತ್ತಾ ಹೋಗುತ್ತದೆ. ಯಂತ್ರದ ಪವರ್ ನೋಡಿಕೊಳ್ಳುವ ಎಂಸಿಯು ಚಿಪ್ ನಡೆಸುವ ರೀಬೂಟ್‌ನಲ್ಲಿ ಈ ಬೆಲೆ ಅಳಿಯುವುದಿಲ್ಲ. ರ‍್ಯಾಮ್‌ನಲ್ಲಿ ಏನಿದೆಯೋ ಇಲ್ಲವೋ ಎಂದು ನಂಬಲಾಗದ ಆ ಕ್ಷಣದಲ್ಲಿ, ಹಿಂದಿನ ಸ್ಥಿತಿಯ ಬಗ್ಗೆ ಹೊಸದಾಗಿ ಎದ್ದ ಫರ್ಮ್‌ಗೆ ಇದೇ ಆಧಾರ.

ಇದರಿಂದ ಆಟಗಾರನಿಗೆ ಆಗುವುದೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗೇಮ್ ಬಾಯ್ ಅಡ್ವಾನ್ಸ್‌ನ ಆಟ ಓಡುತ್ತಿರುವಾಗ ಎಸ್‌ಡಿ ಕಾರ್ಡಿನ ಕಡತಗಳನ್ನು ನಿಭಾಯಿಸುವ ವ್ಯವಸ್ಥೆ ಇರುವುದಿಲ್ಲವಾದ್ದರಿಂದ, ಆಟದ ಸೇವ್ ಮೊದಲು ಯಂತ್ರದೊಳಗಿನ ನ್ಯಾಂಡ್ ಮೆಮೊರಿಯಲ್ಲಿ ಅದಕ್ಕೆಂದೇ ಮೀಸಲಿಟ್ಟ ಎಜಿಬಿಸೇವ್ ಎಂಬ ಪಾರ್ಟಿಷನ್‌ಗೆ ಹೋಗುತ್ತದೆ. ಆಮೇಲೆ ನೇಟಿವ್ ಫರ್ಮ್ ಎದ್ದು ಬೂಟ್‌ಎನ್ವ್ ನೋಡುತ್ತದೆ. ಅಲ್ಲಿ 7 ಇದ್ದರೆ ಮಾತ್ರ ಆ ಸೇವ್ ಅನ್ನು ಎಸ್‌ಡಿ ಕಾರ್ಡಿಗೆ ಸಾಗಿಸುತ್ತದೆ. ನಡುವೆ ಬ್ಯಾಟರಿ ತೆಗೆದು ವಿದ್ಯುತ್ ಸಂಪೂರ್ಣ ಕಡಿದುಹೋದರೆ ರಿಜಿಸ್ಟರ್ ಸೊನ್ನೆಗೆ ಮರಳುತ್ತದೆ, ಸಾಗಿಸುವ ಹಂತ ನಡೆಯುವುದೇ ಇಲ್ಲ. ಸೇವ್ ಹಾಳಾಗಿರುವುದಿಲ್ಲ, ಅದು ನ್ಯಾಂಡ್‌ನಲ್ಲಿಯೇ ಉಳಿದಿರುತ್ತದೆ. ಆದರೆ ಅದು ಅಲ್ಲಿದೆ ಎಂದು ಹೇಳುವ ಫ್ಲ್ಯಾಗ್ ಮಾತ್ರ ಹೋಗಿರುತ್ತದೆ. ಗಾಡ್‌ಮೋಡ್9 ಎಂಬ ಹೋಮ್‌ಬ್ರೂ (ಹವ್ಯಾಸಿಗಳೇ ಬರೆದ) ಉಪಕರಣದಲ್ಲಿ ಈ ಪಾರ್ಟಿಷನ್‌ನಿಂದ ಸೇವ್ ಅನ್ನು ನೇರವಾಗಿ ಹೊರತೆಗೆಯುವ ಆಯ್ಕೆ ಇರುವುದು ಈ ಕಾರಣದಿಂದ ಬಹಳ ಉಪಯುಕ್ತ. ಗೇಮ್ ಬಾಯ್ ಅಡ್ವಾನ್ಸ್‌ನ ಆಟಗಳನ್ನು 3ಡಿಎಸ್‌ನಲ್ಲಿ ಆಡುವ ಯಾರಿಗೇ ಆದರೂ ನಾನು ಹೇಳುವುದು ಒಂದೇ: ಹೋಮ್ ಗುಂಡಿಯಿಂದ ಸರಿಯಾಗಿ ಹೊರಬಂದು, ಮೆನು ಕಾಣಿಸಿಕೊಂಡ ನಂತರವೇ ಯಂತ್ರವನ್ನು ಆರಿಸಿ.

ಯಾವ ಆಟಕ್ಕೆ ಯಾವ ಫರ್ಮ್ ಬೇಕು ಎಂಬುದನ್ನು ಆಟದ ಜೊತೆಗೇ ಬರುವ ಎಕ್ಸ್‌ಹೆಡರ್ ಎಂಬ ಭಾಗ ಕೋರ್ ವರ್ಷನ್ ಎಂಬ ಸಂಖ್ಯೆಯಲ್ಲಿ ಹೇಳುತ್ತದೆ. ಸಾಮಾನ್ಯ ಆಟಗಳಲ್ಲಿ ಅದು 2, ಅಂದರೆ ನೇಟಿವ್ ಫರ್ಮ್. ಸೇಫ್ ಮೋಡ್‌ನ ಫರ್ಮ್ 3. ಎಲ್, ಆರ್, ಎ ಮತ್ತು ಮೇಲಿನ ಬಾಣದ ಗುಂಡಿಗಳನ್ನು ಒಟ್ಟಿಗೆ ಹಿಡಿದು ಯಂತ್ರವನ್ನು ಹೊತ್ತಿಸಿದರೆ ಸಿಸ್ಟಂ ಅಪ್‌ಡೇಟ್‌ನ ಪರದೆ ಬರುತ್ತದಲ್ಲ, ಅದು ಈ ಸೇಫ್ ಮೋಡ್‌ನದು.

ಅದೇ ಎಕ್ಸ್‌ಹೆಡರ್‌ನಲ್ಲಿ ಸಿಸ್ಟಂ ಮೋಡ್ ಎಂಬ ನಾಲ್ಕು ಬಿಟ್‌ಗಳ ಇನ್ನೊಂದು ಮಾಹಿತಿಯೂ ಇದೆ. ಹಳೆಯ 3ಡಿಎಸ್‌ನಲ್ಲಿರುವ ಮುಖ್ಯ ಮೆಮೊರಿ 128 ಎಂಬಿ. ಮೋಡ್ 0 ಆದರೆ ಆಟಕ್ಕೆ ಸಿಗುವ ಪಾಲು 64 ಎಂಬಿ, 2 ಆದರೆ 96, 3 ಆದರೆ 80, 4 ಆದರೆ 72, 5 ಆದರೆ 32. ಈ ಪಾಲನ್ನು ಫರ್ಮ್‌ನ ತಿರುಳಾದ ಕರ್ನಲ್ ಆರಂಭವಾಗುವಾಗಲೇ ಗೆರೆ ಎಳೆದು ನಿಗದಿ ಮಾಡುತ್ತದೆಯೇ ಹೊರತು, ಓಡುತ್ತಿರುವಾಗ ಬದಲಾಯಿಸುವುದಿಲ್ಲ. ಹಾಗಾಗಿ ಬೇರೆ ಮೋಡ್ ಕೇಳುವ ಆಟ ಬಂದರೆ ಫರ್ಮ್ ಅನ್ನೇ ಹೊಸ ಪ್ಯಾರಾಮೀಟರ್‌ನೊಂದಿಗೆ ಮತ್ತೆ ಏರಿಸಬೇಕಾಗುತ್ತದೆ. 2014ರ ಸೂಪರ್ ಸ್ಮ್ಯಾಶ್ ಬ್ರದರ್ಸ್ ಆಟವನ್ನು ಹಳೆಯ 3ಡಿಎಸ್‌ನಲ್ಲಿ ಮುಗಿಸಿದಾಗ ಯಂತ್ರವೇ ರೀಬೂಟ್ ಆಗುವುದಕ್ಕೆ ಕಾರಣ ಇದು. 256 ಎಂಬಿ ಮೆಮೊರಿಯ ನ್ಯೂ 3ಡಿಎಸ್‌ಗೆ ಎಕ್ಸ್‌ಹೆಡರ್‌ನಲ್ಲಿ ಬೇರೆಯೇ ಮೋಡ್‌ನ ಜಾಗವಿದ್ದು, ಅಲ್ಲಿ 124 ಅಥವಾ 178 ಎಂಬಿ ದೊರೆಯುತ್ತದೆ.

ಹೀಗೆ ತೀರ್ಮಾನವಾದ ಸಂಗತಿಗಳನ್ನೆಲ್ಲ ಕರ್ನಲ್ ಒಂದು 4 ಕೆಬಿ ಪುಟದಲ್ಲಿ ಒಟ್ಟುಗೂಡಿಸಿಡುತ್ತದೆ. ಕಾನ್ಫಿಗರೇಷನ್ ಮೆಮೊರಿ ಎಂದು ಕರೆಯುವ ಈ ಪುಟದಲ್ಲಿ ಕರ್ನಲ್‌ನ ಆವೃತ್ತಿ, ಮೆಮೊರಿ ಮೋಡ್, ಯಂತ್ರ ಗ್ರಾಹಕರದ್ದೋ ಡೆವಲಪರ್‌ಗಳದ್ದೋ ಎಂದು ಹೇಳುವ ಯುನಿಟ್‌ಇನ್ಫೊ, ಮೇಲೆ ಹೇಳಿದ ಬೂಟ್‌ಎನ್ವ್‌ನ ಪ್ರತಿ ಎಲ್ಲವೂ ಸಿಗುತ್ತವೆ. ಆಟಗಳು ಇದನ್ನು ಓದಬಹುದಷ್ಟೆ. ಹೋಮ್‌ಬ್ರೂ ಬರೆಯುವವರು ಫ್ಲ್ಯಾಗುಗಳ ಅಧ್ಯಯನವನ್ನು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ಓದಿದರೆ ಯಾವ ಅಪಾಯವೂ ಇಲ್ಲ, ಕಲಿಯುವುದಕ್ಕೆ ಬೇಕಾದಷ್ಟಿದೆ.

ಪ್ಯಾರಾಮೀಟರ್ ಏನು ಹೇಳುತ್ತದೆ ಎಂಬುದರಷ್ಟೇ ಅದು ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ ಎನ್ನುವುದಕ್ಕೆ ಫರ್ಮ್‌ಲಾಂಚ್‌ಹ್ಯಾಕ್ಸ್ ಎಂಬ ಹ್ಯಾಕ್ ಸಾಕ್ಷಿ. 3ಡಿಎಸ್‌ನಲ್ಲಿ ಆಟಗಳನ್ನು ಓಡಿಸುವುದು ಆರ್ಮ್11 ಪ್ರೊಸೆಸರ್; ಭದ್ರತೆಯ ಹೊಣೆ ಆರ್ಮ್9ರದು. ಒಂದು ಫರ್ಮ್‌ನಿಂದ ಇನ್ನೊಂದಕ್ಕೆ ಹೋಗುವಾಗ ಆರ್ಮ್9 ಹೊಸ ಫರ್ಮ್‌ನ 512 ಬೈಟ್‌ಗಳ ಹೆಡರ್ ಅನ್ನು ಮುಖ್ಯ ಮೆಮೊರಿಯಲ್ಲಿ ಇಟ್ಟುಕೊಂಡು ಪರಿಶೀಲಿಸುತ್ತಿತ್ತು. ಆ ಮೆಮೊರಿಗೆ ಆರ್ಮ್11 ಕೂಡ ಬರೆಯಬಲ್ಲದು. ಆದ್ದರಿಂದ ಫರ್ಮ್ ನಿಂಟೆಂಡೊದ್ದೇ ಎಂದು ಸಾರುವ ಡಿಜಿಟಲ್ ಸಹಿಯ ಪರಿಶೀಲನೆ ಮುಗಿದು, ಹೆಡರ್‌ನಲ್ಲಿರುವ ಎಂಟ್ರಿ ಪಾಯಿಂಟ್‌ಗೆ (ಕೋಡ್ ಆರಂಭವಾಗುವ ವಿಳಾಸಕ್ಕೆ) ಜಿಗಿಯುವ ಮುನ್ನ ಸಿಗುವ ಅತಿ ಚಿಕ್ಕ ಅವಧಿಯಲ್ಲಿ ಆರ್ಮ್11 ಆ ವಿಳಾಸವನ್ನು ಬದಲಾಯಿಸಿದರೆ, ಆರ್ಮ್9 ತಾನು ಪರಿಶೀಲಿಸದ ಜಾಗಕ್ಕೆ ಹೋಗಿ ಬೀಳುತ್ತಿತ್ತು. ಸಹಿಯ ಗಣಿತದಲ್ಲಿ ಇಲ್ಲಿ ಯಾವ ದೋಷವೂ ಇರಲಿಲ್ಲ. 9.5.0 ಆವೃತ್ತಿಯಲ್ಲಿ ನಿಂಟೆಂಡೊ ಹೆಡರ್ ಅನ್ನು ಆರ್ಮ್9 ಮಾತ್ರ ಮುಟ್ಟಬಲ್ಲ ಮೆಮೊರಿಗೆ ಸ್ಥಳಾಂತರಿಸಿ ಇದನ್ನು ಸರಿಪಡಿಸಿತು.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ ರಿಜಿಸ್ಟರ್ ಸಿಸ್‌ಪ್ರಾಟ್9. ಅದರಲ್ಲಿ ಮುಖ್ಯವಾದವು ಎರಡು ಬಿಟ್‌ಗಳು, ಎರಡೂ ಒಂದೇ ದಿಕ್ಕಿನಲ್ಲಿ ತಿರುಗುವ ಬೀಗಗಳು. ಒಮ್ಮೆ 1 ಬರೆದರೆ ಯಂತ್ರ ಮತ್ತೆ ರೀಸೆಟ್ ಆಗುವವರೆಗೂ ಯಾರಿಂದಲೂ ಸೊನ್ನೆ ಮಾಡಲಾಗದು. ಬಿಟ್ 0 ಏರಿದರೆ ಯಂತ್ರ ಹೊತ್ತಿದೊಡನೆ ಮೊದಲು ಓಡುವ ಕೋಡ್ ಇರುವ, ಆರ್ಮ್9ರ 64 ಕೆಬಿ ಬೂಟ್‌ರಾಮ್‌ನ ಮೇಲಿನ 32 ಕೆಬಿ ಮರೆಯಾಗುತ್ತದೆ. ಗುಪ್ತ ಕೀಲಿಗಳಿರುವುದು ಆ ಅರ್ಧದಲ್ಲಿ. ಅದೇ ಬಿಟ್ ಮುಖ್ಯ ಮೆಮೊರಿಯನ್ನೂ ತೆರೆಯುತ್ತದೆ. ಅಂದರೆ ಬೀಗ ಹಾಕದೆ ಮುಂದೆ ಹೋದರೆ 128 ಎಂಬಿ ಮೆಮೊರಿಯೇ ಸಿಗುವುದಿಲ್ಲ. ಬೀಗ ಹಾಕುವುದನ್ನು ಮರೆಯುವ ಅವಕಾಶವನ್ನೇ ಹಾರ್ಡ್‌ವೇರ್ ಮಟ್ಟದಲ್ಲಿ ಇಲ್ಲವಾಗಿಸಿದ ಈ ಯೋಜನೆ ಮೆಚ್ಚತಕ್ಕದ್ದು.

ಬಿಟ್ 1ಕ್ಕೆ ಅಂಥ ಕಟ್ಟುಪಾಡು ಇರಲಿಲ್ಲ. ಪ್ರತಿ ಯಂತ್ರಕ್ಕೂ ಬೇರೆಬೇರೆಯಾಗಿರುವ, ಕಾರ್ಖಾನೆಯಲ್ಲಿ ಒಮ್ಮೆ ಮಾತ್ರ ಬರೆಯುವ 256 ಬೈಟ್‌ಗಳ ಒಟಿಪಿ ಭಾಗವನ್ನು ಮುಚ್ಚುವುದು ಅದರ ಕೆಲಸ. ಆ ಬಿಟ್ ಏರಿಸುವ ಕೆಲಸವನ್ನು ಬೂಟ್‌ರಾಮ್ ಮಾಡದೆ ನೇಟಿವ್ ಫರ್ಮ್‌ಗೆ ಬಿಟ್ಟಿತ್ತು, ಮತ್ತು 3.0.0ಕ್ಕಿಂತ ಹಿಂದಿನ ನೇಟಿವ್ ಫರ್ಮ್ ಅದನ್ನು ಮಾಡುತ್ತಲೇ ಇರಲಿಲ್ಲ. ನಂತರದ ಆವೃತ್ತಿಗಳಲ್ಲಿ ಸರಿಪಡಿಸಿದರೂ ಹಳೆಯ ಆವೃತ್ತಿಗಳ ಸಹಿ ಸಿಂಧುವಾಗಿಯೇ ಉಳಿದಿತ್ತು. 2016ರಲ್ಲಿ ಅಪಾರ ಸಂಖ್ಯೆಯ ಬಳಕೆದಾರರು ತಮ್ಮ ಯಂತ್ರವನ್ನು 2.1.0ಕ್ಕೆ ಇಳಿಸಿ, ಒಟಿಪಿ ಓದಿಕೊಂಡು, ಮತ್ತೆ ಹೊಸ ಆವೃತ್ತಿಗೆ ಏರಿ ಬೂಟ್ ಆಗುವಾಗಲೇ ತಮ್ಮ ಕೋಡ್ ಓಡಿಸುವ ಆರ್ಮ್9ಲೋಡರ್‌ಹ್ಯಾಕ್ಸ್ ಎಂಬ ಹ್ಯಾಕ್ ಸ್ಥಾಪಿಸಿಕೊಂಡರು. ವರ್ಷಗಳ ಹಿಂದೆ ಏರಿಸದೆ ಬಿಟ್ಟ ಒಂದೇ ಒಂದು ಬಿಟ್ ಈ ಇಡೀ ದಾರಿಯನ್ನು ತೆರೆದಿಟ್ಟಿತ್ತು.

ಬಿಟ್ 0 ತಪ್ಪದೆ ಏರುತ್ತಿತ್ತಾದ್ದರಿಂದ ಅದನ್ನು ದಾಟಲು ಅದಕ್ಕಿಂತ ಮೊದಲೇ ಒಳನುಗ್ಗಬೇಕಿತ್ತು. ಬೂಟ್‌ರಾಮ್‌ನ ಎಕ್ಸೆಪ್ಷನ್ ವೆಕ್ಟರ್‌ಗಳು (ದೋಷ ಎದುರಾದಾಗ ಪ್ರೊಸೆಸರ್ ಹಿಡಿಯುವ ದಾರಿಗಳು) ಆರ್ಮ್9ರ ಒಳ ಮೆಮೊರಿಗೆ ಜಿಗಿಯುತ್ತವೆ, ಮತ್ತು ಆ ಮೆಮೊರಿ ರೀಬೂಟ್‌ನಲ್ಲಿ ಅಳಿಯುವುದಿಲ್ಲ. ಅಲ್ಲಿ ಮೊದಲೇ ಕೋಡ್ ಇರಿಸಿ, ಬೂಟ್ ಆಗುವ ಹೊತ್ತಿನಲ್ಲಿ ಗ್ಲಿಚ್ ಮಾಡಿ, ಅಂದರೆ ಹಾರ್ಡ್‌ವೇರ್‌ಗೆ ಕ್ಷಣಕಾಲ ಅಡಚಣೆ ಒಡ್ಡಿ, ಪ್ರೊಸೆಸರ್ ಮುಗ್ಗರಿಸುವಂತೆ ಮಾಡಿದರೆ, ಬೀಗ ಬೀಳುವ ಮುನ್ನವೇ ಆ ಕೋಡ್ ಓಡುತ್ತದೆ. ಹೀಗೆ ಹೊರಬಂದ ಬೂಟ್‌ರಾಮ್‌ನಲ್ಲಿ ಫರ್ಮ್‌ನ ಸಹಿ ಓದುವ ಭಾಗದಲ್ಲೇ ದೋಷ ಕಂಡಿತು. 2016ರ ಡಿಸೆಂಬರ್‌ನಲ್ಲಿ ನಡೆದ 33ಸಿ3 ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಅದನ್ನು ಸಿಗ್‌ಹ್ಯಾಕ್ಸ್ ಎಂಬ ಹೆಸರಿನಲ್ಲಿ ವಿವರಿಸಲಾಯಿತು. ಬೂಟ್‌ರಾಮ್ ಚಿಪ್‌ನಲ್ಲಿಯೇ ಅಚ್ಚಾಗಿರುವುದರಿಂದ, ಮಾರಾಟವಾದ ಯಂತ್ರಗಳಲ್ಲಿ ಯಾವ ಅಪ್‌ಡೇಟ್‌ನಿಂದಲೂ ಅದನ್ನು ತಿದ್ದಲಾಗದು.

ಅದರ ಆಧಾರದ ಮೇಲೆ 2017ರಲ್ಲಿ ಬಂದ ಬೂಟ್9ಸ್ಟ್ರ್ಯಾಪ್ ಎಂಬ ಹೋಮ್‌ಬ್ರೂ ಬೂಟ್ ತಂತ್ರಾಂಶ ಇಂದಿಗೂ ಬಳಕೆಯಲ್ಲಿದೆ. ಅದು ಸಿಸ್‌ಪ್ರಾಟ್9ರ ಬಿಟ್ 0 ಏರುವ ಮುನ್ನವೇ ಹಿಡಿತ ಸಾಧಿಸುತ್ತದೆ. ಸ್ಟಾರ್ಟ್, ಸೆಲೆಕ್ಟ್ ಮತ್ತು ಎಕ್ಸ್ ಗುಂಡಿಗಳನ್ನು ಹಿಡಿದು ಯಂತ್ರವನ್ನು ಹೊತ್ತಿಸಿದರೆ ಆರ್ಮ್9 ಮತ್ತು ಆರ್ಮ್11ರ ಎರಡೂ ಬೂಟ್‌ರಾಮ್‌ಗಳನ್ನೂ ಒಟಿಪಿಯನ್ನೂ ಎಸ್‌ಡಿ ಕಾರ್ಡಿಗೆ ಕಡತಗಳಾಗಿ ಬರೆದುಕೊಡುತ್ತದೆ. ಬೂಟ್‌ರಾಮ್‌ನ ಕಡತ ಇನ್ನೊಂದು ಯಂತ್ರದಿಂದಲೂ ಸಿಗಬಹುದು, ಒಟಿಪಿಯ 256 ಬೈಟ್‌ಗಳು ಮಾತ್ರ ಆಯಾ ಯಂತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನ್ಯಾಂಡ್‌ನ ಬ್ಯಾಕಪ್ ಜೊತೆಗೆ ಅದರ ಪ್ರತಿಯನ್ನೂ ಬೇರೆ ಕಡೆ ತೆಗೆದಿಡಿ.