ಮೊದ್ಲು ಆ ನಗ್ಗು ತೆಗೀರಿ

ಮಂಗಳವಾರದಿಂದ ಒಂದೇ ಮಾತು ತಲೇಲಿ ಸುತ್ತತಾ ಇದೆ. ರಿಪೇರಿಯವರು ಅಪ್ಪನ ಟ್ರಂಪೆಟ್ಟನ್ನ ಕಿಟಕಿ ಬೆಳಕಿಗೆ ಹಿಡಿದು, ಬೆಲ್ ಅಂದ್ರೆ ಅದರ ಅಗಲವಾದ ಬಾಯಿ, ಅದರ ಹತ್ರ ಇರೋ ದೊಡ್ಡ ನಗ್ಗಿನ ಮೇಲೆ ಹೆಬ್ಬೆರಳಿಟ್ಟು, "ಇದರಿಂದ ಸ್ವರಕ್ಕೆ ಅಂಥಾ ತೊಂದ್ರೆ ಇಲ್ಲ, ತೆಗೀಲಾ ಬಿಡ್ಲಾ?" ಅಂತ ಕೇಳಿದ್ರು. ನಾನು ಹಿಂದೆಮುಂದೆ ನೋಡದೆ "ಅದಿರ್ಲಿ ಬಿಡಿ, ಅಪ್ಪನ ಕಾಲದ್ದು, ನೆನಪಿಗೆ" ಅಂದ್ಬಿಟ್ಟೆ. ಅಲ್ಲೀವರೆಗೂ ಸ್ಟೂಲ್ ಮೇಲೆ ಸುಮ್ನೆ ಕೂತಿದ್ದ ಅಪ್ಪ, "ಯಾರ ನೆನಪಿಗೆ? ಮೊದ್ಲು ಆ ನಗ್ಗು ತೆಗೀರಿ, ಮಿಕ್ಕಿದ್ದು ಆಮೇಲೆ" ಅಂದ್ರು.

ಅಪ್ಪ ಮೈಸೂರಲ್ಲಿ ಮದುವೆ ಬ್ಯಾಂಡ್ ಸೆಟ್ಟಲ್ಲಿ 22 ವರ್ಷ ಊದಿದವರು. ಮುಂದಿನ ಹಲ್ಲು ಹೋದ್ಮೇಲೆ ನಿಲ್ಸಿದ್ರು. ತುಟಿಗೆ ಹಿಂದಿಂದ ಆಸರೆ ಇಲ್ದಿದ್ರೆ ಟ್ರಂಪೆಟ್ ಊದೋಕಾಗಲ್ಲ. ಮೀರತ್ತಲ್ಲಿ ಮಾಡಿರೋ ವಾದ್ಯ ಅದು, ನಮ್ಮ ದೇಶದ ಬ್ಯಾಂಡಿನವರ ಕೈಲಿರೋ ಹಿತ್ತಾಳೆ ವಾದ್ಯಗಳಲ್ಲಿ ಬಹಳಷ್ಟು ಅಲ್ಲಿಂದಾನೇ ಬರೋದು, ಅಲ್ಲಿನ ನಾದಿರ್ ಅಲಿ ಕಂಪನಿ 1885ರಿಂದ ಇದೆ. ನಮ್ಮನೇಲಿ ಅದು ಅಟ್ಟದ ಮೇಲಿತ್ತು. ವರ್ಷಕ್ಕೊಂದ್ಸಲ ಆಯುಧಪೂಜೆಗೆ ಅಮ್ಮ ಕೆಳಗಿಳಿಸಿ ಹುಣಸೆಹಣ್ಣು ಹಾಕಿ ಉಜ್ಜಿ, ಕುಂಕುಮ ಇಟ್ಟು, ಹೂ ಮುಡಿಸಿ ಮತ್ತೆ ಮೇಲಿಡೋರು. ಹಾಗಾಗಿ ಹೊರಗಡೆ ಚಿನ್ನದ ಥರ ಹೊಳೀತಿತ್ತು, ಒಳಗೆ ಸ್ವರಕ್ಕೆ ಬೆರಳಲ್ಲಿ ಒತ್ತೋ ಮೂರೂ ಪಿಸ್ಟನ್ ಕಚ್ಕೊಂಡು ಒಂದೂ ಅಲ್ಲಾಡ್ತಿರಲಿಲ್ಲ.

ತಮ್ಮ "ಆನ್‌ಲೈನಲ್ಲಿ ಹೊಸದೇ ಸಿಗತ್ತಲ್ಲಾ, ಇದಕ್ಕ್ಯಾಕೆ ದುಡ್ಡು ಸುರೀತೀಯ" ಅಂದ. ಅವನು ಒಳ್ಳೇವನೇ, ಆದ್ರೆ ಎಲ್ಲಾನೂ ಕ್ಯಾಲ್ಕುಲೇಟರಲ್ಲಿ ನೋಡೋದು ಅವನ ಅಭ್ಯಾಸ. ಅವನ ಮೇಲಿನ ಹಟಕ್ಕೆ ನಾನೇ ಕೂತು, ಸಿಕ್ಕಾಕೊಂಡಿದ್ದ, ತುಟಿಗಿಟ್ಟು ಊದೋ ಮೌತ್‌ಪೀಸನ್ನ ಪ್ಲೈಯರಲ್ಲಿ ತಿರುಗಿಸೋಕೆ ಹೋದೆ. ಅದು ಬರಲಿಲ್ಲ, ಹಲ್ಲಿನ ಗುರುತು ಮಾತ್ರ ಬಿತ್ತು. ಈಗ್ಲೂ ನೋಡಿದ್ರೆ ಹೊಟ್ಟೆ ಉರಿಯತ್ತೆ. ಹಾಗೆ ತಿರುಚಿದ್ರೆ ಮೌತ್‌ಪೀಸ್ ಹಿಡ್ಕೊಂಡಿರೋ ಪೈಪೇ ಮುರಿದು ಬರತ್ತಂತೆ. ರಿಪೇರಿಯವರು ಎರಡು ಸ್ಕ್ರೂ ಇರೋ ಒಂದು ಸಾಧನ ಹಾಕಿ ನೇರವಾಗಿ ಎಳೆದ್ರು, ಟಕ್ ಅಂತ ಬಂತು.

ಅವರ ಕೆಲಸ ನೋಡೋದೇ ಒಂದು ಪಾಠ. ಪಿಸ್ಟನ್‌ಗೆ ಎಣ್ಣೆ ಬಿಟ್ಟು ರಾತ್ರಿಯೆಲ್ಲಾ ಇಟ್ಟು, ಬೆಳಿಗ್ಗೆ ಅಡಿಯ ಮುಚ್ಚಳ ಬಿಚ್ಚಿ ಮರದ ಕಡ್ಡೀಲಿ ಕೆಳಗಿಂದ ಮೆತ್ತಗೆ ತಟ್ಟಿ ತಟ್ಟಿ ಒಂದೊಂದೇ ತೆಗೆದ್ರು. "ಸ್ಯಾಂಡ್‌ಪೇಪರ್ ಮುಟ್ಟಿಸ್ಬಾರ್ದಮ್ಮ, ಪಿಸ್ಟನ್ನಿಗೂ ಕೇಸಿಂಗಿಗೂ ಮಧ್ಯೆ ಇರೋ ಜಾಗ ಕೂದಲಿಗಿಂತ ಸಣ್ಣದು, ಉಜ್ಜಿದ್ರೆ ಗಾಳಿ ಸೋರಿ ಸ್ವರಾನೇ ನಿಲ್ಲಲ್ಲ" ಅಂದ್ರು. ಆಮೇಲೆ ಉಗುರುಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ, ಬಗ್ಗೋ ಬ್ರಷ್ ತೂರಿಸಿದ್ರು. ಹಸಿರು ಕಪ್ಪು ಸೇರಿದ ಕೆಸರಿನಂಥದ್ದು ಬಂತು. ಅಷ್ಟು ವರ್ಷದ ಎಣ್ಣೆ, ಅಪ್ಪನ ಉಸಿರಿನ ನೀರು, ಕಿಲುಬು ಎಲ್ಲಾ ಅದೇ ಅಂತ ನೋಡ್ತಾ ನಿಂತೆ. ಮೌತ್‌ಪೀಸ್ ಸಿಕ್ಕಿಸೋ ಪೈಪಿನ ಒಳಗೆ ಟಾರ್ಚ್ ಬಿಟ್ಟು ಕೆಂಪು ಚುಕ್ಕೆ ತೋರಿಸಿದ್ರು. ಹಿತ್ತಾಳೆ ಅಂದ್ರೆ ತಾಮ್ರ, ಸತು ಸೇರಿದ್ದಲ್ವಾ, ಒಳಗೆ ತೇವ ನಿಂತೂ ನಿಂತೂ ಸತು ಹೊರಟುಹೋಗಿ ಬರೀ ತಾಮ್ರ ಉಳಿಯತ್ತೆ, ಆ ಜಾಗ ಟೊಳ್ಳಾಗ್ತಾ ಬರತ್ತೆ. ಇನ್ನೂ ತೂತಾಗಿಲ್ಲ, ಊದಿದ್ಮೇಲೆ ಒರೆಸಿ ಒಣಗಿಸಿಟ್ರೆ ಬಾಳತ್ತೆ ಅಂದ್ರು. ನೀರು ಬಿಡೋ ಕೀಲಿಗೆ ಹೊಸ ಕಾರ್ಕ್, ಪಿಸ್ಟನ್ ಗುಂಡಿಗಳ ಅಡಿಗೆ ಹೊಸ ಫೆಲ್ಟ್ ಬಿತ್ತು, ಒಂದು ಕಡೆ ಬೆಸುಗೆ ಬಿಟ್ಟಿತ್ತು, ಹಾಕಿದ್ರು.

ಆದ್ರೆ ಇದೆಲ್ಲಾ ಆಮೇಲೆ. ಮೊದಲು ನಗ್ಗೇ ತೆಗೆದಿದ್ದು, ಅಪ್ಪ ಹೇಳಿದ ಹಾಗೆ.

ಆವತ್ತು ವಾಪಸ್ ಬರೋವಾಗ ಆಟೋದಲ್ಲಿ ಕೇಳಿದೆ, ಯಾಕಪ್ಪ ಅಷ್ಟು ಕೋಪ ಅಂತ. "ಬಸ್ಸಿಂದ ಬಿದ್ದಿದ್ದಲ್ಲ ಕಣಮ್ಮ ಅದು" ಅಂದ್ರು. ಚಿಕ್ಕಂದಿನಿಂದ ನಮಗೆ ಹೇಳಿದ್ದು ಬಸ್ಸಿಂದ ಬಿತ್ತು ಅಂತಾನೇ. ನಿಜ ಏನಂದ್ರೆ, ಒಂದು ಮದುವೆ ಮೆರವಣಿಗೇಲಿ ಗಂಡಿನ ಕಡೆಯವನೊಬ್ಬ ಕುಡಿದಿದ್ದ, ಅದೇ ಹಾಡು ಐದನೇ ಸಲ ಬೇಕು ಅಂದ, ಛತ್ರ ಬಂತು ಸಾರ್ ಅಂತ ಇವರು ಹೇಳಿದ್ದಕ್ಕೆ ಬೆಲ್ ಹಿಡಿದು ನೂಕಿದ. ವಾದ್ಯ ಹೋಗಿ ಜನರೇಟರ್ ಗಾಡಿ ಕಬ್ಬಿಣಕ್ಕೆ ಬಡೀತು, ಮೌತ್‌ಪೀಸ್ ತುಟಿಗೆ ಹೊಡೆದು ತುಟಿ ಒಡೀತು. ಮದುವೆ ಹುಡುಗನ ಅಪ್ಪ ಬಂದು "ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ" ಅಂದ್ರಂತೆ. ಅಪ್ಪ ಆ ತುಟೀಲೇ ಛತ್ರದ ಬಾಗಿಲವರೆಗೂ ಊದಿದ್ರು. ಊಟಕ್ಕೆ ಕರೆದಿದ್ದು ಕೊನೇ ಪಂಕ್ತಿ ಎದ್ದಮೇಲೆ. ಉಪ್ಪು ಖಾರ ತುಟಿಗೆ ತಾಗಿ ತಿನ್ನೋಕಾಗದೆ ಬರೀ ಮಜ್ಜಿಗೆ ಕುಡಿದು ಎದ್ದು ಬಂದ್ರಂತೆ.

ಇಷ್ಟು ವರ್ಷ ಆ ನಗ್ಗನ್ನ ಫ್ರೆಂಡ್ಸಿಗೆಲ್ಲಾ ಪ್ರೀತಿಯಿಂದ ತೋರಿಸಿದ್ದೆ, ಫೋಟೋ ತೆಗೆದು ಫೋನಲ್ಲಿ ಇಟ್ಕೊಂಡಿದ್ದೆ. ಹಳೇದರ ಮೇಲಿನ ಗುರುತೆಲ್ಲಾ ಚೆಂದ ಅಂತ ಅನ್ಸೋದು ಆ ಏಟು ತಿನ್ನದೇ ಇರೋರಿಗೆ. ಅಪ್ಪನಿಗೆ ಅದು ಪ್ರತಿ ಆಯುಧಪೂಜೆಗೂ ಕುಂಕುಮ ಇಡಿಸ್ಕೊಂಡು ಎದುರಿಗೆ ಬಂದು ಕೂರ್ತಿತ್ತು. ಅವರು ಒಂದು ಮಾತೂ ಆಡಲಿಲ್ಲ.

ದಸರಾ ಟೈಮಲ್ಲಿ ಅಪ್ಪ ನಮ್ಮನ್ನ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳೋಕೆ ಕರ್ಕೊಂಡು ಹೋಗೋರು. ಟ್ರಂಪೆಟ್ಟಿನವರನ್ನೇ ನೋಡ್ತಾ ನಿಲ್ಲೋರು, ಅಪ್ಪನ ಬೆರಳು ತೊಡೆ ಮೇಲೆ ಆಡ್ತಿರೋದು. ಅದೇ ಮೂರು ಪಿಸ್ಟನ್, ಅದೇ ಸ್ವರ. ಅಲ್ಲಿ ಕುರ್ಚಿ, ಯೂನಿಫಾರ್ಮ್, ಚಪ್ಪಾಳೆ. ಇಲ್ಲಿ ಯೂನಿಫಾರ್ಮ್ ಇದ್ರೂ "ಏ ಬ್ಯಾಂಡಿನೋನೇ" ಅಂತಾನೇ ಕರೆಯೋದು. ನನ್ನ ಮದುವೇಲೂ ಬ್ಯಾಂಡ್ ಇತ್ತು, ಅವರು ಎಷ್ಟು ಗಂಟೆಗೆ ಉಂಡ್ರು ಅಂತ ನನಗೆ ಗೊತ್ತಿಲ್ಲ. ಬ್ಯಾಂಡಿನವನ ಮಗಳು ನಾನು, ಹೋಗಿ ಕೇಳಲಿಲ್ಲ. ಈ ವಾರ ಪೂರ್ತಿ ಇದೇ ಕೊರೀತಿದೆ.

ನಗ್ಗು ಪೂರ್ತಿ ಹೋಗಲಿಲ್ಲ. ಒಳಗೆ ಕಬ್ಬಿಣದ ಗುಂಡು ಕೊಟ್ಟು ಹೊರಗಿಂದ ಉಜ್ಜುಜ್ಜಿ ಎಬ್ಬಿಸಿದ್ರು, ಇನ್ನೂ ಎಬ್ಬಿಸಿದ್ರೆ ತಗಡು ತೆಳ್ಳಗಾಗತ್ತೆ ಅಂತ ನಿಲ್ಸಿದ್ರು. ಅಪ್ಪ ಕಣ್ಮುಚ್ಚಿ ಬೆರಳಾಡಿಸಿ, ಎಲ್ಲಿ ಇತ್ತು ಅಂತ ಹುಡುಕಿ, "ಸಾಕು" ಅಂದ್ರು.

ನಿನ್ನೆಯಿಂದ ಹಲ್ಲಿನ ಸೆಟ್ ಹಾಕ್ಕೊಂಡು ಹಿತ್ತಲಲ್ಲಿ ಕೂತಿದ್ದಾರೆ. ಮೊದಲು ಬರೀ ಮೌತ್‌ಪೀಸ್ ಹಿಡಿದು ಜುಂಯ್ ಅನ್ನಿಸ್ತಿದ್ರು, ಇವತ್ತು ಬೆಳಿಗ್ಗೆ ವಾದ್ಯಕ್ಕೆ ಹಾಕಿದ್ರು. ಪಿಸ್ಟನ್ ಒತ್ತದೇ ಕೆಳಗಿನ ಸ ಬಂತು, ಗಡಸಾಗಿ, ಆದ್ರೆ ನಿಂತಿತು. ತುಟಿ ಬಿಗಿ ಮಾಡಿ ಪ ಹಿಡಿಯೋಕೆ ಹೋದ್ರೆ ಹಲ್ಲಿನ ಸೆಟ್ ಜಾರತ್ತೆ, ಉಸಿರು ಪುಸ್ ಅನ್ನತ್ತೆ. ತೆಗೀತಾರೆ, ಒರೆಸ್ತಾರೆ, ಮತ್ತೆ ಇಡ್ತಾರೆ. ಅಮ್ಮ ಕಾಫಿ ಇಟ್ಟು ಹೋಗಿ ಅರ್ಧ ಗಂಟೆ ಆಯ್ತು, ಆರಿದೆ, ಇನ್ನೂ ಪ ಬಂದಿಲ್ಲ.