96ನೇ ಬೈಟ್

ಆ ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಕೂತವನು ಕತ್ತಲಾಗುವವರೆಗೆ ಏಳೇ ಏಳು ಹ್ಯಾಷ್‌ಗಳ ಜೊತೆ ಗುದ್ದಾಡಿದೆ. ಹ್ಯಾಷ್ ಎಂದರೆ ಯಾವುದೇ ಮಾಹಿತಿಯಿಂದ ಲೆಕ್ಕಹಾಕಿ ತೆಗೆಯುವ, ಒಂದೇ ಉದ್ದದ ಗುರುತು. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಅಕ್ಯುಮ್ಯುಲೇಟರ್ ಬರೆಯುತ್ತಿದ್ದೆ. ಡಿಜಿಟಲ್ ನಾಣ್ಯಗಳ ಇಡೀ ಪಟ್ಟಿಯನ್ನು ತೋರಿಸದೆ, ಬೆರಳೆಣಿಕೆಯ ಹ್ಯಾಷ್‌ಗಳಿಂದಲೇ ‘ಈ ನಾಣ್ಯ ದಾಖಲಾಗಿದೆ’ ಎಂದು ಸಾಬೀತುಪಡಿಸುವ ವ್ಯವಸ್ಥೆ ಅದು. ಅದರೊಳಗಿನ ರಚನೆ ಬಿಟ್‌ಕಾಯಿನ್ ಡೆವಲಪರ್ ಪೀಟರ್ ಟಾಡ್ ಸೂಚಿಸಿದ ಮರ್ಕಲ್ ಪರ್ವತಶ್ರೇಣಿ; ಹ್ಯಾಷ್‌ಗಳನ್ನು ಎರಡೆರಡಾಗಿ ಸೇರಿಸುತ್ತ ಮೇಲೇರುವ ಮರಗಳ ಸಾಲು. ಗ್ರಿನ್ ಎಂಬ ನಾಣ್ಯಜಾಲ ಇದನ್ನೇ ಸವರಬಲ್ಲ ಮರವಾಗಿ ಬಳಸುತ್ತದೆ.

ಇದರ ಸೊಗಸು ಲೆಕ್ಕದಲ್ಲಿದೆ. ಎಲೆ ಎಂದರೆ ಒಂದು ನಾಣ್ಯದ ಹ್ಯಾಷ್, ತಾಯಿ ಎಂದರೆ ಕೆಳಗಿನ ಎರಡನ್ನು ಸೇರಿಸಿ ತೆಗೆದ ಹ್ಯಾಷ್. ಹುಟ್ಟಿದ ಕ್ರಮದಲ್ಲೇ ಸಂಖ್ಯೆ: 1, 2 ಎಲೆಗಳು, ಅವುಗಳ ತಾಯಿ 3; 4, 5 ಎಲೆಗಳು, ತಾಯಿ 6; ಎರಡು ತಾಯಂದಿರ ಮೇಲೆ 7. ಒಂದೊಂದು ಹ್ಯಾಷ್ 32 ಬೈಟ್, ಕಡತದಲ್ಲಿ ಸಾಲಾಗಿ ಕೂರುತ್ತವೆ. ಸೊನ್ನೆಯಿಂದ ಎಣಿಸಿದರೆ, ಮುಂದೆ ಮೂರು ಇರುವ 4 ಶುರುವಾಗುವುದು 96ನೇ ಬೈಟ್‌ನಲ್ಲಿ.

1 ಖರ್ಚಾದ ಕೂಡಲೇ ಅಳಿಸಿಬಿಟ್ಟೆ. 2ರ ಪುರಾವೆ ಮುರಿದುಬಿತ್ತು; 3ನ್ನು ಲೆಕ್ಕಹಾಕಲು ಅದಕ್ಕೆ ಪಕ್ಕದ 1 ಬೇಕೇ ಬೇಕು. ಜೋಡಿ ಎರಡೂ ಖರ್ಚಾದ ಮೇಲಷ್ಟೇ ಸವರಬೇಕು. ಇದು ಊಟಕ್ಕೆ ಮೊದಲೇ ಸರಿಹೋಯಿತು.

ಮಧ್ಯಾಹ್ನದ್ದು ಕಾಡಿಸಿದ ತಪ್ಪು. 1, 2 ಎರಡನ್ನೂ ಸವರಿ ಕಡತವನ್ನು ಒತ್ತಾಗಿಸಿದ್ದೆ. 5ರ ಪುರಾವೆಗೆ 4 ಬೇಕು. ಹಳೆಯ ಲೆಕ್ಕದಂತೆ ಪ್ರೋಗ್ರಾಂ 96ನೇ ಬೈಟ್‌ನಿಂದ ಓದಿತು. ದೋಷಸೂಚನೆ ಬರಲಿಲ್ಲ, 32 ಬೈಟ್‌ಗಳೂ ನೆಟ್ಟಗೆ ಬಂದವು. ಬೇರು, ಅಂದರೆ ತುದಿಯ 7, ಮಾತ್ರ ಹೊಂದಲಿಲ್ಲ. ಒಂದು ಹ್ಯಾಷ್‌ಗೂ ಇನ್ನೊಂದಕ್ಕೂ ಮುಖ ನೋಡಿ ವ್ಯತ್ಯಾಸ ಹೇಳಲಾಗದು. ಕೊನೆಗೆ ಚೌಕದ ಹಾಳೆಯಲ್ಲಿ ಪೆನ್ಸಿಲಿನಿಂದ ಕಡತವನ್ನೇ ಬರೆದೆ: 3, 4, 5, 6, 7. ಮೂರು ಮನೆ ದಾಟಿದರೆ ಸಿಗುವುದು 6! ಮುಂದಿದ್ದ ಎರಡು ಹೋದದ್ದರಿಂದ 4 ಈಗ 32ನೇ ಬೈಟ್‌ಗೆ ಸರಿದಿತ್ತು.

ಯಾವ ಸ್ಥಾನದ ಮುಂದೆ ಎಷ್ಟು ಹೋಗಿವೆ ಎಂಬ ಪಟ್ಟಿ ಕಟ್ಟಿದೆ. ಅದರಲ್ಲೂ ಒಂದು ತೊಡಕು. 4, 5 ಕೂಡ ಖರ್ಚಾದಾಗ 3, 6 ಎರಡೂ ಬೇಡ, 7 ಸಾಕು. ಹೋದವು ಒಟ್ಟು ಆರು. ನನ್ನ ಪಟ್ಟಿ 3ರ ಕೆಳಗಿನ ಎರಡು, 6ರ ಕೆಳಗಿನ ಎರಡು ಎಂದು ಹಿಂದೆ ಬರೆದಿದ್ದ ನಾಲ್ಕನ್ನೂ ಮತ್ತೆ ಸೇರಿಸಿ ಹತ್ತು ಎಂದಿತು, ಕಳೆಯುವ ಲೆಕ್ಕ ಸೊನ್ನೆಗಿಂತ ಕೆಳಗಿಳಿದು ಪ್ರೋಗ್ರಾಂ ನಿಂತುಹೋಯಿತು. ಸದ್ದಿಲ್ಲದೆ ಸುಳ್ಳು ಹೇಳುವುದಕ್ಕಿಂತ ಹೀಗೆ ನಿಂತದ್ದು ಎಷ್ಟೋ ವಾಸಿ. ಮೇಲಿನದನ್ನು ಬರೆದಾಗ ಕೆಳಗಿನ ಎರಡನ್ನು ಪಟ್ಟಿಯಿಂದ ತೆಗೆಯುವಂತೆ ಮಾಡಿದೆ.

ರಾತ್ರಿ ಹೊಸ ಎಲೆಯೊಂದನ್ನು ಸೇರಿಸಿ ಮತ್ತೆ ಸವರಿದೆ. 256 ಬೈಟ್ ಇರಬೇಕಾದ ಕಡತ 64ಕ್ಕೆ ಇಳಿದಿತ್ತು. 8ನ್ನು ಕೇಳಿದೆ. 32ನೇ ಬೈಟ್‌ನಲ್ಲಿ ಸಿಕ್ಕಿತು.